ಎರಡನೇ ಬಿಗಿ

ಟ್ರಾನ್ಸ್‌ಫಾರ್ಮರ್ ಸುಟ್ಟು ಐದು ದಿನವಾಗಿತ್ತು. ಧನಗೆರೆಯ ದೊಡ್ಡಬಸಮ್ಮನ ಭತ್ತದ ಸಸಿ ಬೆಳೆಸುವ ಒಟ್ಲುಪಾತಿ ಒಣಗತೊಡಗಿತ್ತು. ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಧೂಳು ತಿಂದಿದ್ದ ಡೀಸೆಲ್ ಎಂಜಿನ್ನಿಗೆ ಹೀಗೆ ಮತ್ತೆ ಯೋಗ ಬಂತು; ಕೊಳ್ಳೇಗಾಲದ ಮೆಕ್ಯಾನಿಕ್ ಮಹದೇವುಗೆ ಕರೆಯೂ ಹೋಯಿತು.

ಮಹದೇವು ಆ ಹೊಲಕ್ಕೆ ಕಾಲಿಟ್ಟು ಮೂವತ್ತೈದು ವರ್ಷವಾಗಿತ್ತು. ಕರೆದಾಗಲೆಲ್ಲ ಏನೋ ನೆಪ ಹೇಳಿ ಬೇರೆಯವರನ್ನು ಕಳಿಸುತ್ತಿದ್ದ. ಹೋದ ವರ್ಷ ದೊಡ್ಡಬಸಮ್ಮನ ಗಂಡ ಶಿವಮಲ್ಲಪ್ಪ ತೀರಿಕೊಂಡ ಮೇಲೆ, ಹೇಳದೆ ಉಳಿದ ಒಂದು ಮಾತು ಅವನನ್ನು ತಿನ್ನುತ್ತಿತ್ತು. ಈ ಸಲ ತಾನೇ ಬಂದ.

ಹೊಸ ಗ್ಯಾಸ್ಕೆಟ್ ಕೂರಿಸಿ, ಅದರ ಮೇಲೆ ಎಂಜಿನ್ನಿನ ಮುಚ್ಚಳದಂಥ ಹೆಡ್ ಇಳಿಸಿ, ನಾಲ್ಕು ಬೋಲ್ಟನ್ನೂ ಮೊದಲು ಬರಿಗೈಯಲ್ಲೇ ತಿರುಗಿಸಿದ. ಆಮೇಲೆ ಸ್ಪಾನರ್ ಹಿಡಿದು ಈ ಮೂಲೆಗೆ ಸ್ವಲ್ಪ, ಅದರ ಎದುರು ಮೂಲೆಗೆ ಸ್ವಲ್ಪ, ಹೀಗೆ ಮೂರು ಸುತ್ತು ಬಿಗಿದ. ಎಂಜಿನ್ ಸ್ಟಾರ್ಟಾಗಿ ಪಾತಿಗೆ ನೀರು ಹರಿಯಿತು. ಅರ್ಧ ಗಂಟೆಯಾದ ಮೇಲೆ ಅವನೇ ನಿಲ್ಲಿಸಿದ.

"ಯಾಕ್ಲಾ ನಿಲ್ಸುದೆ?" ಎಂದಳು ದೊಡ್ಡಬಸಮ್ಮ.

"ಆರ್ಲಿ ಕಣಕ್ಕ. ಆರುದ್ ಮೇಲೆ ಇನ್ನೊಂದ್ ಸತಿ ಬಿಗಿ ಮಾಡ್ಬೇಕು."

ಹೊಂಗೆ ನೆರಳಲ್ಲಿ ಕೂತು ಮಜ್ಜಿಗೆ ಕುಡಿದರು. ಒಂದು ಕಾಲಕ್ಕೆ ಈ ಎಂಜಿನ್ನಿನ ಸದ್ದು ಕೇಳಿಯೇ ಅಕ್ಕಪಕ್ಕದ ಹೊಲದವರು ಎದ್ದು ಬರುತ್ತಿದ್ದರು. ಶಿವಮಲ್ಲಪ್ಪ ಬದುವಿನ ಮೇಲೆ ಕೂತು, ತನ್ನ ಬುತ್ತಿಯಲ್ಲೇ ಮಹದೇವುಗೂ ಪಾಲು ಹಾಕುತ್ತಿದ್ದ. ಎಂಥ ಮನುಷ್ಯ, ಎಂಥ ದಿನಗಳು ಎನಿಸಿತು ಮಹದೇವುಗೆ.

"ನಿಮ್ಮಣ್ಣ ಎಲ್ಲಾದ್ರಲ್ಲೂ ಸೈ," ದೊಡ್ಡಬಸಮ್ಮ ಗಂಡನ ಮಾತೆತ್ತಿದಳು. "ಅವತ್ತು ಇಂಜಿನ್ ತಣ್ಣಗಿರಕ್ಕೆ ನೀರ್ ಬುಡೋದ್ನೇ ಮರ್ತು ಕೆಡುಸ್ಬುಟ್ರು ನೋಡು, ಊರೆಲ್ಲಾ ನಗಾಡ್ತು. ನಾನೂ ಅವ್ರು ಸಾಯೋಗಂಟ ಆಡ್ಕತಿದ್ದೆ."

"ಅಣ್ಣನ್ ತಪ್ಪಲ್ಲ ಕಣಕ್ಕ. ನಂದು." ಮಹದೇವು ತಲೆ ಎತ್ತಲಿಲ್ಲ. "ಆಗ ಕೆಲ್ಸಕ್ಕೆ ಸೇರಿ ಆರೇ ತಿಂಗ್ಳು. ಆತುರುಕ್ಕೆ ಒಂದೊಂದೇ ಬೋಲ್ಟ ಪೂರಾ ಬಿಗ್ದು ಮುಂದುಕ್ ಓದೆ. ಹೆಡ್ಡು ಸೊಟ್ಟಗಾಗಿ ಇಂಜಿನ್ ಕೆಡ್ತು. ನಮ್ ಗ್ಯಾರೇಜ್ ಮೇಸ್ತ್ರಿಗೆ ತಿಳುದ್ರೆ ನನ್ನ ಓಡುಸ್ಬುಡೋರು. ಅಣ್ಣ ಅದ್ಕೇ, ನಾನೇ ನೀರ್ ಮರ್ತೆ ಅಂದ್ಬುಟ್ರು."

ದೊಡ್ಡಬಸಮ್ಮ ಮಜ್ಜಿಗೆ ಲೋಟ ಕೆಳಗಿಟ್ಟಳು.

"ನನ್ಗೂ ಏಳ್ನಿಲ್ವಲ್ಲಾ," ಎಂದಳು. "ಬೈದಾಗೆಲ್ಲಾ ನಗ್ತಾ ಕುಂತಿರೋರು."

ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು, ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿದಳು. "ಆರ್ಬುಟ್ಟದೆ. ಬಿಗಿ ಮಾಡು."

ಒಂದೊಂದು ಬೋಲ್ಟೂ ಇನ್ನಷ್ಟು ಬಿಗಿಯಾಯಿತು. ನೀರು ಮತ್ತೆ ಹರಿಯಿತು. ಅವನು ಚೀಲ ಎತ್ತಿಕೊಂಡಾಗ ಅವಳು ಹೇಳಿದಳು: "ಡೈರಿ ತಾವ ಈಗ ಆಲು ಆಕಕ್ಕೆ ಬಂದಿರ್ತಾರೆ. ನಗಾಡ್ದೋರು ಇನ್ನೂ ಅವ್ರೆ. ಅವ್ರಿಗೂ ಏಳ್ಬುಟ್ಟು ಓಗು."

ಈಗ ಕೊಳ್ಳೇಗಾಲದಲ್ಲಿ ಅವನೇ ಮೇಸ್ತ್ರಿ. ನಾಲೆ ಏರಿಯ ದಾರಿ ಹಿಡಿದು ವಾಪಸು ಹೋದರೆ ಡೈರಿ ಸಿಗುವುದೇ ಇಲ್ಲ. ಮಹದೇವು ಒಂದು ಗಳಿಗೆ ನಿಂತು, ಬೈಕನ್ನು ಊರೊಳಕ್ಕೆ ತಿರುಗಿಸಿದ. ಡೈರಿಯ ಮುಂದೆ ಸಾಲಾಗಿ ಕ್ಯಾನು ಹಿಡಿದು ನಿಂತವರೆಲ್ಲ ಅವನತ್ತ ನೋಡಿದರು.

"ಶಿವಮಲ್ಲಪ್ಪಣ್ಣ ಅವತ್ತು ನೀರ್ ಮರ್ತಿರ್ನಿಲ್ಲ ಕಣ್ರಪ್ಪಾ," ಎಂದ.