ಪರಮಾಣುಗಳ ಪರೇಡ್ ಮತ್ತು ಒಂದು ವಂದನಾರ್ಪಣೆ

ಶನಿವಾರಸಂತೆ ಕಡೆಯ ಕಾಲೇಜೊಂದರ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಗಂಭೀರ ಸಂಗತಿಯೊಂದು ಕಳೆದ ಆಗಸ್ಟಿನಲ್ಲಿ ನಡೆಯಿತು: ವಿಜ್ಞಾನ ವೇದಿಕೆಯ ಆಮಂತ್ರಣ ಪತ್ರಿಕೆಯಲ್ಲಿ ಭೌತಶಾಸ್ತ್ರದ ಹಿರಿಯ ಉಪನ್ಯಾಸಕ ಚಿದಾನಂದರಿಗೆ ಅತಿಥಿಯ ಪರಿಚಯ ತಪ್ಪಿ ವಂದನಾರ್ಪಣೆ ಬಂದಿತ್ತು. ಪರಿಚಯ, ಕೆಲಸಕ್ಕೆ ಸೇರಿ ಎರಡು ವರ್ಷವಾಗದ ವೀಣಾ ಮೇಡಂ ಪಾಲಾಗಿತ್ತು.

ಅತಿಥಿ ವಿನುತಾ. ಎಂಎಸ್ಸಿಯಲ್ಲಿ ಚಿದಾನಂದರ ಸಹಪಾಠಿ, ಅವರ ಪ್ರಾಕ್ಟಿಕಲ್ ರೆಕಾರ್ಡ್ ನೋಡಿ ಬರೆದುಕೊಂಡಾಕೆ. ಈಗ ಇಂದೋರಿನ ಸಂಶೋಧನಾ ಕೇಂದ್ರವೊಂದರಲ್ಲಿ ಕೆಲಸ. ವರ್ಷಕ್ಕೆ ಐದು ದಿನ ಜರ್ಮನಿಯ ಯಂತ್ರವೊಂದು ಆಕೆಯ ಕೈಗೆ ಸಿಗುತ್ತದೆ. ಅದರಿಂದ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತ ಚಿಕ್ಕ ಕ್ಷ-ಕಿರಣದ ಮಿಂಚು ಹಾಯಿಸಿ, ಗಟ್ಟಿ ವಸ್ತು ಸ್ಥಿತಿ ಬದಲಿಸುವ ಗಳಿಗೆಯನ್ನೇ ಚಿತ್ರ ಹಿಡಿಯುತ್ತಾರೆ.

"ನನ್ನ ರೆಕಾರ್ಡ್ ಇಲ್ದಿದ್ರೆ ಇವಳು ಪಾಸಾಗ್ತಿದ್ಲಾ?" ಎಂದು ಚಿದಾನಂದ ಹೆಂಡತಿ ಯಮುನಾಳನ್ನು ಕೇಳಿದರು.

"ಕೊಟ್ಟೋರು ನೀವೇ ಅಲ್ವಾ. ಈಗ ವಾಪಸ್ ಕೇಳಿ ನೋಡಿ."

ಘನವಸ್ತುಗಳ ಪಾಠವೆಂದರೆ ಚಿದಾನಂದರೇ ಎಂಬ ಮಾತು ಇಪ್ಪತ್ತೆರಡು ವರ್ಷದಿಂದ ಕಾಲೇಜಿನಲ್ಲಿತ್ತು. ಅದೊಂದು ಉಳಿದರೆ ಸಾಕಾಗಿತ್ತು ಅವರಿಗೆ. ವಂದನಾರ್ಪಣೆಯನ್ನು ಭಾಷಣ ಕೇಳಿದ ಮೇಲೆ ಬರೆಯುವ ಪದ್ಧತಿ ನಮ್ಮಲ್ಲಿ ಎಲ್ಲೂ ಇಲ್ಲ. ಅವರೂ ಹಿಂದಿನ ದಿನವೇ ಬರೆದು ಬಾಯಿಪಾಠ ಮಾಡಿಕೊಂಡರು.

ವಿನುತಾ ಮಾತಾಡುವಾಗ ಚಿದಾನಂದರ ಕಣ್ಣು ಪರದೆಯ ಮೇಲಿರಲಿಲ್ಲ. ಚಿದಾನಂದರ ಒಂದು ಮಾತನ್ನೂ ಎಂದೂ ಬರೆದುಕೊಳ್ಳದ ಪ್ರಾಂಶುಪಾಲ ಚನ್ನಮಲ್ಲಪ್ಪನವರು ಡೈರಿ ತೆಗೆದು ಬರೆಯುತ್ತಿದ್ದರು. ಒಂದು ಪುಟವಾಯಿತು. ಮಗುಚಿದರು. ಇನ್ನೊಂದು ಪುಟ. ಅದನ್ನೇ ನೋಡುತ್ತ ಕೂತ ಚಿದಾನಂದರಿಗೆ ಭಾಷಣದ ಮುಖ್ಯ ಮಾತೇ ಕೇಳಿಸಲಿಲ್ಲ.

"ವೆನೇಡಿಯಂ ಆಕ್ಸೈಡಿಗೆ ಲೇಸರ್ ತಾಗಿದ ಕೂಡಲೇ ಪರಮಾಣುಗಳು ಪರೇಡಿನ ಹಾಗೆ ಒಟ್ಟಿಗೆ ಜಾಗ ಬದಲಿಸ್ತವೆ ಅಂತ ನಾವೂ ನಂಬಿದ್ವಿ," ಎಂದಿದ್ದರು ವಿನುತಾ. "ಚಿತ್ರ ತೆಗೆದು ನೋಡಿದ್ರೆ ಸಂತೆ. ಒಂದೊಂದೂ ಅದರ ಪಾಡಿಗೆ ಹೊರಟಿತ್ತು."

ಕೊನೆಗೆ ಚಿದಾನಂದ ಮೈಕ್ ಮುಂದೆ ನಿಂತರು. "ವಿನುತಾ ಅವರು ಈಗ ತೋರಿಸಿದ್ದನ್ನೇ ನಾನು ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಪರಮಾಣುಗಳೆಲ್ಲ ಒಟ್ಟಿಗೇ, ಪರೇಡಿನ ಹಾಗೆ ಜಾಗ ಬದಲಿಸುತ್ತವೆ."

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮು ಮುಂದಿನ ಸಾಲಿಗೂ ಹಬ್ಬಿತು.

"ಚಿದಾನಂದ ಹೇಳಿದ್ದು ಸರಿ," ಎಂದು ವಿನುತಾ ಕೂತಲ್ಲಿಂದಲೇ ಕಾಪಾಡಲು ಹೋದರು. "ನಾನೂ ಇವರ ರೆಕಾರ್ಡ್ ನೋಡಿಯೇ ಹಾಗೆ ಕಲಿತದ್ದು."

ಚನ್ನಮಲ್ಲಪ್ಪನವರು ಅದನ್ನೂ ಬರೆದುಕೊಂಡರು.

ಘನವಸ್ತುಗಳ ಪಾಠವನ್ನು ಈ ವರ್ಷ ವೀಣಾ ಮೇಡಂ ಮಾಡುತ್ತಿದ್ದಾರೆ.