ಬರ್ತೀನ್ರಿ ಮೇಡಂ

ಕಾಗವಾಡದ ಮಂದಿ ಅಮಿತನಿಗೆ ಇಟ್ಟ ಹೆಸರು 'ಗಡಿಪಾರು ಅಮಿತ್ಯಾ'. ಈ ಕಡೆ ಗಡಿಪಾರಾಗುವವರು ತಲವಾರ ಹಿಡಿದು ತಿರುಗುವ ಗೂಂಡಾಗಳು. ಪಾಪ, ಅಮಿತ ಜೀವಮಾನದಲ್ಲಿ ಹಿಡಿದದ್ದು ದ್ರಾಕ್ಷಿ ಬಳ್ಳಿ ಸವರುವ ಕತ್ತರಿಯೊಂದನ್ನೇ.

ಆ ಕತ್ತರಿಯ ಕೆಲಸಕ್ಕೇ ನ್ಯೂಜಿಲೆಂಡಿಗೆ ಹೋಗಿದ್ದ. ವೀಸಾ ಮುಗಿದಾಗ ಏಜೆಂಟ, "ರಿನ್ಯೂ ಆಗೇತಿ, ಆರಾಮ ಇರು" ಎಂದ. ಅಮಿತ ಆರಾಮ ಇದ್ದ. ರಿನ್ಯೂ ಆಗಿರಲಿಲ್ಲ. ಅಲ್ಲಿನವರು ಹಿಡಿದು ವಿಮಾನ ಹತ್ತಿಸಿ, ಐದು ವರ್ಷ ಈ ಕಡೆ ತಲೆ ಹಾಕಬೇಡ ಎಂದರು. ಈಗ ಆ ಐದು ವರ್ಷ ಕಳೆದು, ಹಳೆಯ ತೋಟದ ಮಾಲೀಕನೇ ಕೆಲಸಕ್ಕೆ ಕರೆದಿದ್ದ. ಉಳಿದದ್ದು ವೀಸಾ ಅಧಿಕಾರಿಯ ಜೊತೆ ವಿಡಿಯೋ ಮಾತುಕತೆ. ಅದು ಸರಿಹೋದರೆ ಮುಂಬಾಗಿಲಿಂದ ತಲೆ ಎತ್ತಿಕೊಂಡು ಒಳಗೆ ಹೋಗಬಹುದು. ಇಲ್ಲವಾದರೆ ಸಾಯುವತನಕ ಗಡಿಪಾರು ಅಮಿತ್ಯಾ.

ಅವನ ಹೆದರಿಕೆಗೆ ಕಾರಣವಿತ್ತು. ಅಂದು ವಿಮಾನದವರೆಗೆ ಬಿಡಲು ಬಂದ ಅಧಿಕಾರಿಗೆ, ಊರಲ್ಲಿ ಹೊರಡುವಾಗ ಹೇಳುವಂತೆ, "ಬರ್ತೀನ್ರಿ ಸಾಹೇಬ್ರ" ಎನ್ನಲು ಹೋಗಿ, "ಐ ವಿಲ್ ಕಮ್, ಸರ್" ಎಂದಿದ್ದ. ಸಾಹೇಬರ ಮುಖ ಕೆಂಪಾಗಿತ್ತು.

"ಇವತ್ತ ಕಡೀಕ ಬರೇ ನಮಸ್ಕಾರ ಅನ್ರಿ," ಎಂದಳು ಹೆಂಡತಿ ರೂಪಾಲಿ, ಲ್ಯಾಪ್‌ಟಾಪ್ ತೆರೆದಿಡುತ್ತ. "ಬರ್ತೀನಿ ಅಂತ ಅನ್ನಬ್ಯಾಡ್ರಿ."

"ಮತ್ತ ಹೋಗ್ತೀನಿ ಅನ್ನಲೇನ?"

"ಥೂ, ಬಾಯಿ ಮುಚ್ಚ!" ಅಡುಗೆಮನೆಯಿಂದ ತಾಯಿ ಕೆಂಚವ್ವ ಕೂಗಿದಳು. "ಹೋಗ್ತೀನಂತ! ಮನ್ಯಾಗ ಆಡೂ ಮಾತೇನೋ ಅದು?"

ಪರದೆಯ ಮೇಲೆ ಅಧಿಕಾರಿ ಮೇಡಂ ಬಂದರು. ಪಕ್ಕದ ಚೌಕದಲ್ಲಿ ಅವರ ಮಾತು ಕನ್ನಡಕ್ಕೆ ತರುವ ಮನಿಷಾ. ಕೆಲಸ, ತೋಟ, ಏಜೆಂಟ, ಎಲ್ಲಾ ಸಲೀಸಾಗಿ ಮುಗಿಯಿತು. ಆಮೇಲೆ ಬಂತು, ಅವನು ಹೆದರಿದ್ದ ಪ್ರಶ್ನೆ.

"ಹೊರಡುವಾಗ ನಮ್ಮ ಅಧಿಕಾರಿಗೆ 'ನಾನು ಬರುತ್ತೇನೆ' ಎಂದಿರಂತೆ. ಅದು ಬೆದರಿಕೆಯೇ?"

ಅಮಿತ ಕುರ್ಚಿಯ ತುದಿಗೆ ಸರಿದ. "ಇಲ್ರಿ ಮೇಡಂ. ಅದು ಬರೂದಲ್ರಿ, ಹೋಗೂದು. ನಾವು ಹೋಗೂ ಮುಂದ ಬರ್ತೀನಿ ಅಂತೇವ್ರಿ."

ಮನಿಷಾ ತಿಳಿಸಿ ಹೇಳಿದಳು. ಮೇಡಂ ಹುಬ್ಬೇರಿಸಿದರು. ಸುಳ್ಳು ಹೇಳುವವನೂ ಇದಕ್ಕಿಂತ ಚೆಂದ ಹೇಳುತ್ತಿದ್ದ ಎನ್ನಿಸಿತು ಅಮಿತನಿಗೆ.

ಅಷ್ಟರಲ್ಲಿ ಪಕ್ಕದ ಮನೆಯ ಸೋನಾಬಾಯಿ, ಮೊಸರಿಗೆ ಹೆಪ್ಪು ಕೇಳಲು ಬಂದವಳು, ಬಟ್ಟಲು ಹಿಡಿದು ಅವನ ಬೆನ್ನ ಹಿಂದಿನಿಂದಲೇ ಹೊರಟಳು.

"ಬರ್ತೀನ ಬೇ ಕೆಂಚವ್ವಾ!"

"ಹೂಂ, ಬಾರ ಬೇ."

ಸೋನಾಬಾಯಿ ಬಾಗಿಲಲ್ಲಿ ನಿಂತು ತನ್ನ ಸೊಸೆಯ ಮೇಲೊಂದು ದೂರು ಹೇಳಿದಳು. "ಬರ್ತೀನಿ ಮತ್ತ." ಚಪ್ಪಲಿ ಮೆಟ್ಟಿದಳು. "ರೂಪಾಲೀ, ಬರ್ತೀನವಾ!" ಹೋದಳು.

"ಯಾರೋ ಬರುತ್ತಿದ್ದಾರೆಯೇ?" ಆಗಷ್ಟೇ ಕೇಳಿದ ಪದ ಮತ್ತೆ ಮತ್ತೆ ಕಿವಿಗೆ ಬಿದ್ದು ಮೇಡಂ ಕೇಳಿದರು.

"ಇಲ್ಲ ಮೇಡಂ," ಮನಿಷಾ ನಗು ನುಂಗಿದಳು. "ಆ ಅಜ್ಜಿ ಬರ್ತೀನಿ ಅಂದರು. ಮೂರು ಸಲ."

"ಅವರು ಹೋದರಲ್ಲ?"

"ಹೌದು ಮೇಡಂ. ಅದನ್ನೇ ಇವರು ಆಗಿನಿಂದ ಹೇಳುತ್ತಿರುವುದು."

ಮೇಡಂ ಖಾಲಿ ಬಾಗಿಲನ್ನು ನೋಡಿದರು. ನೋಡುತ್ತ ನೋಡುತ್ತ ನಕ್ಕುಬಿಟ್ಟರು.

ಮಾತುಕತೆ ಮುಗಿಯಿತು. ಅಮಿತ ಕೈ ಜೋಡಿಸಿದ. ನಮಸ್ಕಾರ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ಮಾತ್ರ, "ಬರ್ತೀನ್ರಿ ಮೇಡಂ" ಎಂದಿತು.

ರೂಪಾಲಿ ಹಣೆ ಚಚ್ಚಿಕೊಂಡಳು.

ಮೇಡಂ ಮನಿಷಾಳನ್ನು ಏನೋ ಕೇಳಿ, ಒಂದೆರಡು ಸಲ ಬಾಯಲ್ಲೇ ಉರು ಹೊಡೆದು, ಕ್ಯಾಮೆರಾದತ್ತ ಬಗ್ಗಿದರು. "ಹೋಗಿ... ಬನ್ನಿ."

ವೀಸಾ ಬಂದ ದಿನ ಅಮಿತ ಮೊದಲು ಪೇಢೆ ಒಯ್ದದ್ದು ಸೋನಾಬಾಯಿಯ ಮನೆಗೆ.

"ನಿಂದ ಉಪಕಾರ ಕಾಕೂ," ಎಂದ.

"ನಂದೇನೋ ಯಪ್ಪಾ? ನಾ ಹೆಪ್ಪ ಒಯ್ಯಾಕ ಬಂದಿದ್ನಿ," ಎಂದಳು ಅವಳು, ಪೇಢೆ ಬಾಯಿಗೆ ಹಾಕಿಕೊಳ್ಳುತ್ತ.