ತಪಾಸಣೆಯ ದಿನದ ಬಾಟಲಿಗಳು

ಪಾಣಿಪತ್ತಿನ ನೂಲಿನ ಗಿರಣಿಯಲ್ಲಿ, ಬೆಲ್ಟಿನ ಮುಂದೆ ನಿಂತಿದ್ದ ಓಮವತಿಗೆ ಬೆಳಗಿನಿಂದಲೇ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಹದಿನೆಂಟು ವರ್ಷ ಇದೇ ಬೆಲ್ಟಿನ ಮೇಲೆ ಊರಿನ ಹೊಲಸನ್ನೆಲ್ಲ ಕೈಯಾರೆ ಆರಿಸಿದವಳು ಅವಳು. ಆಗ ಖಾಲಿ ಪ್ಲಾಸ್ಟಿಕ್ ಬಾಟಲಿ ಕರಗಿ ನೂಲಾಗುತ್ತಿತ್ತು, ನೂಲು ಬಟ್ಟೆಯಾಗಿ ಪರದೇಶಕ್ಕೆ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ಹೊಸ ಪ್ಲಾಸ್ಟಿಕ್ಕೇ ಅಗ್ಗವಾಯಿತು ನೋಡಿ, ಮಾಲೀಕ ಬಾಟಲಿ ಕೊಳ್ಳುವುದನ್ನು ನಿಲ್ಲಿಸಿ ಹೆಂಗಸರನ್ನು ಗೇಟಿನಾಚೆ ಅಟ್ಟಿದ. ಬಟ್ಟೆಗೆ ಅಂಟಿಸುವ 'ಮರುಬಳಕೆ' ಚೀಟಿಯನ್ನು ಮಾತ್ರ ಬಿಡಲಿಲ್ಲ, ಅದಕ್ಕೆ ಬೆಲೆ ಹೆಚ್ಚು. ಹಾಗಾಗಿ ಆ ಚೀಟಿಗೆ ಒಪ್ಪಿಗೆ ಪತ್ರ ಕೊಡುವ ತಪಾಸಣೆಯವರು ಬರುವ ದಿನ ಮಾತ್ರ ಹನ್ನೆರಡು ಹೆಂಗಸರನ್ನು ಟೆಂಪೋದಲ್ಲಿ ತುಂಬಿಸಿ ತರುತ್ತಿದ್ದರು.

ಈ ಸಲ ಮ್ಯಾನೇಜರ್ ಜುನೇಜಾ ಆಸೆಯನ್ನೂ ತೋರಿಸಿದ್ದ. "ಇದೊಂದು ಪಾಸಾಗ್ಲಿ, ಹನ್ನೆರಡೂ ಜನಕ್ಕೆ ಪ್ಯಾಕಿಂಗಲ್ಲಿ ಕಾಯಂ ಕೆಲಸ. ಯಾರಾದ್ರೂ ಬಾಯಿ ಬಿಟ್ರೋ, ಎಲ್ಲರೂ ಮನೆಗೆ."

ಪಕ್ಕದಲ್ಲಿ ನಿಂತಿದ್ದವಳು ನೆರೆಮನೆಯ ಶನ್ನೋ. ಗಂಡ ಸತ್ತು ವರ್ಷವಾಗಿಲ್ಲ, ಮನೆಯಲ್ಲಿ ಮೂರು ಮಕ್ಕಳು. "ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ಇವತ್ತು ಸುಮ್ನಿರು" ಎಂದು ದಾರಿಯುದ್ದಕ್ಕೂ ಗೋಗರೆದಿದ್ದಳು.

ಬೆಲ್ಟು ಶುರುವಾಯಿತು. ಬಂದದ್ದು ಹೋದ ಸಲದ ಬಾಟಲಿಗಳೇ, ಅದಕ್ಕೂ ಹಿಂದಿನ ಸಲದವೇ! ಮೊದಲ ತಪಾಸಣೆಯಲ್ಲೇ ಹೆಂಗಸರು ಅಭ್ಯಾಸಬಲದಿಂದ ಮುಚ್ಚಳ, ಚೀಟಿ, ಕಸ ಎಲ್ಲವನ್ನೂ ಕಿತ್ತು ಎಸೆದಿದ್ದರು. ಅವನ್ನೇ ಮತ್ತೆ ಮೂಟೆ ಕಟ್ಟಿ ಇಟ್ಟಿದ್ದರು. ಈಗ ಕೀಳುವುದಕ್ಕೆ ಏನೂ ಉಳಿದಿರಲಿಲ್ಲ. ಹನ್ನೆರಡು ಜನರ ಕೈಗಳು ಬರೀ ಗಾಳಿಯನ್ನು ಆರಿಸುತ್ತಿದ್ದವು.

ದಿಲ್ಲಿಯಿಂದ ಬಂದಿದ್ದ ತಪಾಸಣೆಯ ಸಬರ್‌ವಾಲ್ ಕಸದ ತೊಟ್ಟಿಗೆ ಇಣುಕಿದ. ತಳ ಕಾಣುತ್ತಿತ್ತು.

"ವಾಹ್! ಇಷ್ಟು ಶುದ್ಧವಾದ ಮಾಲು ನಾನು ಎಲ್ಲೂ ನೋಡಿಲ್ಲ" ಎಂದು ಫೋಟೋ ತೆಗೆದುಕೊಂಡ. ಓಮವತಿಯ ಕಡೆ ತಿರುಗಿ, "ಕೈ ಚುರುಕಾಗಿದೆ ತಾಯಿ. ಕಷ್ಟದ ಕೆಲಸ ಅಂತಾರೆ, ನೋಡಿದ್ರೆ ಎಷ್ಟು ಸಲೀಸು!" ಎಂದ.

ಸಲೀಸಂತೆ! ಅವಳ ಎಡಗೈಯ ಎರಡು ಬೆರಳು ಗಾಜು ಕುಯ್ದು ಮಡಚಲು ಬಾರದಂತಾಗಿದ್ದವು. ಇನ್ನು ತಡೆಯಲಾಗಲಿಲ್ಲ.

"ಏನಪ್ಪಾ, ಕಣ್ಣು ಇದೆಯೋ ಇಲ್ವೋ ನಿಂಗೆ? ನಿಜವಾದ ಮೂಟೆ ಬಿಚ್ಚಿದ್ರೆ ಈ ಶೆಡ್ಡಲ್ಲಿ ನಿಲ್ಲೋಕಾಗ್ತಿತ್ತಾ? ಸತ್ತ ಹಲ್ಲಿ ಬರ್ತಿತ್ತು, ಗುಟ್ಕಾ ಉಗುಳು ಬರ್ತಿತ್ತು, ಮಧ್ಯಾಹ್ನದೊಳಗೆ ಈ ತೊಟ್ಟಿ ಮೂರು ಸಲ ತುಂಬ್ತಿತ್ತು! ಇವನ್ನ ನಾನೇ ಮೂರನೇ ಸಲ ಆರಿಸ್ತಿದೀನಿ. ಆಟ ಆಡಿಸ್ತಿದಾರೆ ನಿನ್ನ!"

ಶನ್ನೋ ಅವಳ ಸೆರಗು ಹಿಡಿದು ಜಗ್ಗಿದಳು. ಜುನೇಜಾ ಕೆಂಡಾಮಂಡಲವಾಗಿ ನುಗ್ಗಿ ಬಂದ.

"ಇವಳ ಮಾತು ಕೇಳ್ಬೇಡಿ ಸರ್! ಕೆಲಸದಿಂದ ತೆಗೆದಿದ್ದಕ್ಕೆ ಹೊಟ್ಟೆಯುರಿ ಇವಳಿಗೆ. ಇವತ್ತು ಹೇಗೋ ಒಳಗೆ ನುಸುಳಿದಾಳೆ, ಎರಡು ವರ್ಷದಿಂದ ಈ ಗೇಟಿನೊಳಗೆ ಕಾಲೇ ಇಟ್ಟಿರ್ಲಿಲ್ಲ ಇವಳು!"

ಸಬರ್‌ವಾಲ್ ಕಂಕುಳಲ್ಲಿದ್ದ ಹಾಜರಿ ಪುಸ್ತಕವನ್ನು ತೆರೆದ. ಹನ್ನೆರಡೂ ಹೆಂಗಸರು ದಿನವೂ ಕೆಲಸಕ್ಕೆ ಬರುತ್ತಾರೆಂದು ತೋರಿಸಲು ಬೆಳಿಗ್ಗೆ ಅದನ್ನು ಅವನ ಕೈಗೆ ಕೊಟ್ಟವನು ಜುನೇಜಾನೇ.

"ನಿನ್ನ ಹೆಸರೇನು ತಾಯಿ?"

"ಓಮವತಿ."

ಅವನು ಬೆರಳಿಟ್ಟು ಹುಡುಕಿದ. ನಿನ್ನೆ ಹಾಜರು. ಮೊನ್ನೆ ಹಾಜರು. ಹೋದ ತಿಂಗಳು ಒಂದು ದಿನವೂ ತಪ್ಪಿಸಿಲ್ಲ.

"ಎರಡು ವರ್ಷ ಅಂದ್ರಿ, ಅಲ್ವಾ ಜುನೇಜಾ ಅವರೇ?"

ಜುನೇಜಾ ಪುಸ್ತಕಕ್ಕೆ ಕೈ ಚಾಚಿದ, ಸಬರ್‌ವಾಲ್ ಕೊಡಲಿಲ್ಲ. ಒಪ್ಪಿಗೆ ಪತ್ರ ಅಲ್ಲೇ ರದ್ದಾಯಿತು, ಪ್ಯಾಕಿಂಗಿನ ಕೆಲಸವೂ ಅದರ ಜೊತೆಗೇ ಹೋಯಿತು.

ಹೊರಗೆ ಟೆಂಪೋದಲ್ಲಿ ಹನ್ನೊಂದು ಜನ ಹತ್ತಿ ಕೂತಿದ್ದರು. ಓಮವತಿ ಕಂಬಿಗೆ ಕೈ ಹಾಕುತ್ತಲೇ ಶನ್ನೋ ಕಾಲು ಚಾಚಿ ಅಡ್ಡ ಇಟ್ಟಳು.

"ಜಾಗ ಇಲ್ಲ."

"ನಾನು ಸುಳ್ಳು ಹೇಳಿದ್ನೇನೇ, ಶನ್ನೋ?"

"ನಿಜಾನೇ ಹೇಳ್ದೆ" ಎಂದಳು ಶನ್ನೋ, ಅವಳ ಮುಖ ನೋಡದೆ. "ಮನೆಗೆ ಹೋಗಿ ಅದನ್ನೇ ಬೇಯಿಸಿ ನನ್ನ ಮಕ್ಕಳಿಗೆ ಬಡಿಸು."